ಸ್ವರಜ್ಞಾನ ಯಾರ ಸೊತ್ತು?

“ಅವನಿಗೆ ಸ್ವರಜ್ಞಾನವಿಲ್ಲ” ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಆಡಿಬಿಡುತ್ತೇವೆ. ಶಾಲೆಯ ಪ್ರಾರ್ಥನೆಯಲ್ಲಿ ಒಂದು ಮಗುವಿನ ದನಿ ಉಳಿದವರ ದನಿಯೊಡನೆ ಕೂಡದಿದ್ದರೆ ಪಕ್ಕದಲ್ಲಿ ನಿಂತವರು ನಗುತ್ತಾರೆ. ಹಿರಿಯರು ಯಾರೋ “ನೀನು ಸುಮ್ಮನೆ ಬಾಯಾಡಿಸು, ಸಾಕು” ಎನ್ನುತ್ತಾರೆ. ಅಂದಿನಿಂದ ಆ ಮಗು ಹಾಡುವುದನ್ನು ನಿಲ್ಲಿಸಿಬಿಡುತ್ತದೆ. ಮುಂದೆ ಬೆಳೆದು ದೊಡ್ಡದಾದ ಮೇಲೆಯೂ ಭಜನೆಯಲ್ಲಿ, ಹಬ್ಬದ ಆರತಿಯಲ್ಲಿ, ಕಡೆಗೆ ತನ್ನ ಕೂಸಿನ ತೊಟ್ಟಿಲ ಮುಂದೆ ಕೂಡ “ನನಗೆ ಹಾಡು ಬರುವುದಿಲ್ಲ” ಎಂದು ಹಿಂದೆ ಸರಿಯುತ್ತದೆ. ಲೆಕ್ಕದಲ್ಲಿ ಒಮ್ಮೆ ತಪ್ಪಿದ ಹುಡುಗನಿಗೆ “ನಿನಗೆ ಸಂಖ್ಯಾಜ್ಞಾನವೇ ಇಲ್ಲ, ಇನ್ನು ಲೆಕ್ಕ ಮಾಡಬೇಡ” ಎಂದು ಯಾರೂ ಹೇಳುವುದಿಲ್ಲ. ಹಾಡಿನ ವಿಷಯದಲ್ಲಿ ಮಾತ್ರ ಈ ತೀರ್ಪು ಇಷ್ಟು ಬೇಗ, ಇಷ್ಟು ನಿರ್ದಾಕ್ಷಿಣ್ಯವಾಗಿ ಹೊರಬೀಳುತ್ತದೆ. ಸ್ವರಜ್ಞಾನವೆಂಬುದು ಕೆಲವರಿಗೆ ಮಾತ್ರ ದೈವದತ್ತವಾಗಿ ಬಂದ ವರ ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಇದನ್ನು ನಿರ್ಣಯಿಸಬೇಕಾದರೆ, ಒಂದು ಸ್ವರ ಮೇಲಿನದೋ ಕೆಳಗಿನದೋ ಎಂಬುದನ್ನು ನಾವು ಹೇಗೆ ಅರಿಯುತ್ತೇವೆ ಎಂಬುದನ್ನು ಮೊದಲು ತಿಳಿಯಬೇಕು. ಹಾಗೆ ತಿಳಿಯುತ್ತ ಹೋದರೆ, ಸ್ವರಜ್ಞಾನ ಹೆಚ್ಚುಕಡಮೆ ಎಲ್ಲ ಮನುಷ್ಯರ ಸಮಾನ ಸೊತ್ತು, ಅದನ್ನು ಬೆಳೆಸುವುದು ಅಥವಾ ಬಾಡಿಸುವುದು ನಮ್ಮ ಕೈಯಲ್ಲಿದೆ ಎಂಬುದು ಮನದಟ್ಟಾಗುತ್ತದೆ.

ತಂಬೂರಿಯ ತಂತಿಯನ್ನು ಮೀಟಿದಾಗ ಅದು ಕಂಪಿಸುತ್ತದೆ. ಒಂದು ಸೆಕೆಂಡಿನಲ್ಲಿ ಅದು ಎಷ್ಟು ಸಲ ಕಂಪಿಸುವುದೋ ಆ ಸಂಖ್ಯೆಗೆ ಆವೃತ್ತಿ ಎಂದು ಹೆಸರು. ಅದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಎಳೆಯ ವಯಸ್ಸಿನ ಆರೋಗ್ಯವಂತ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲುದು. ಆವೃತ್ತಿ ಹೆಚ್ಚಿದಂತೆ ಸ್ವರ ಮೇಲೇರಿದಂತೆ ತೋರುತ್ತದೆ. ಈ ಏರಿಳಿತದ ಗುಣಕ್ಕೆ ವಿಜ್ಞಾನದ ಪುಸ್ತಕಗಳಲ್ಲಿ ‘ಸ್ಥಾಯಿ’ ಎನ್ನುವುದುಂಟು. ಸಂಗೀತಗಾರರು ಮಂದ್ರ, ಮಧ್ಯ, ತಾರ ಎಂಬ ಮೂರು ನೆಲೆಗಳಿಗೆ ಅದೇ ಮಾತನ್ನು ಬಳಸುವುದರಿಂದ, ಗೊಂದಲಕ್ಕೆ ಎಡೆಯಾಗದಂತೆ ಇಲ್ಲಿ ಅದನ್ನು ‘ಸ್ವರದ ಎತ್ತರ’ ಎಂದು ಕರೆಯೋಣ. ಷಡ್ಜದ ಆವೃತ್ತಿ 240 ಹರ್ಟ್ಸ್ ಎಂದಿಟ್ಟುಕೊಂಡರೆ, ಅದರ ಒಂದೂವರೆಯಷ್ಟಾದ 360ರಲ್ಲಿ ಪಂಚಮವೂ, ಎರಡರಷ್ಟಾದ 480ರಲ್ಲಿ ತಾರಷಡ್ಜವೂ ಕೇಳುತ್ತವೆ. ಆವೃತ್ತಿಯೆಂಬುದು ಹೊರಗಿನ ತಂತಿಯಲ್ಲಿರುವ ಸಂಗತಿ. ಅದನ್ನು ಉಪಕರಣದಿಂದ ಅಳೆಯಬಹುದು. ಎತ್ತರವೆಂಬುದು ಕೇಳುವವನಿಗೆ ಆಗುವ ಅನುಭವ. ಇವೆರಡರ ನಡುವಣ ದಾರಿ ನಾವು ಊಹಿಸುವುದಕ್ಕಿಂತ ದೀರ್ಘವಾಗಿದೆ.

ಆ ದಾರಿಯ ಮೊದಲ ಭಾಗ ಕಿವಿಯಲ್ಲಿದೆ. ಗಾಳಿಯ ಅಲೆಗಳು ಕಿವಿಯ ತಮಟೆಯನ್ನು ಅಲುಗಿಸುತ್ತವೆ. ಮೂರು ಕಿರುಮೂಳೆಗಳು ಆ ಅಲುಗಾಟವನ್ನು ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ದ್ರವ ತುಂಬಿದ ಒಂದು ಪುಟ್ಟ ಅಂಗವಿದೆ. ಅದರ ಹೆಸರು ಕಾಕ್ಲಿಯಾ. ಅದರೊಳಗೆ ಉದ್ದಕ್ಕೂ ಹಾಸಿರುವ ಪೊರೆಯನ್ನು ಬಿಡಿಸಿ ಇಟ್ಟರೆ ಸುಮಾರು 35 ಮಿಲಿಮೀಟರ್ ಉದ್ದವಾಗಬಹುದು. ಹಂಗೇರಿಯಲ್ಲಿ ಹುಟ್ಟಿದ ಗೇಯಾರ್ಗ್ ಫಾನ್ ಬೆಕೆಸಿ ಎಂಬ ವಿಜ್ಞಾನಿ ಈ ಪೊರೆಯ ಮೇಲೆ ಅಲೆಗಳು ಸಾಗುವ ಬಗೆಯನ್ನು ಪರೀಕ್ಷಿಸಿ, 1961ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಎತ್ತರದ ಸ್ವರಗಳು ಪೊರೆಯ ಬುಡದಲ್ಲಿಯೂ ತಗ್ಗಿನ ಸ್ವರಗಳು ತುದಿಯ ಕಡೆಗೂ ಅದನ್ನು ಹೆಚ್ಚಾಗಿ ಕಂಪಿಸುವಂತೆ ಮಾಡುತ್ತವೆ. ಪೊರೆಯ ಮೇಲೆ ಸಾಲಾಗಿ ನಿಂತ ರೋಮಕೋಶಗಳು ಆ ಕಂಪನವನ್ನು ನರಗಳ ಸಂಕೇತವನ್ನಾಗಿ ಪರಿವರ್ತಿಸುತ್ತವೆ. ಇವುಗಳಲ್ಲಿ ಮಿದುಳಿಗೆ ಸುದ್ದಿ ಕಳುಹಿಸುವ ಮುಖ್ಯ ಕೋಶಗಳು ಒಂದೊಂದು ಕಿವಿಯಲ್ಲಿ ಸುಮಾರು 3,500 ಮಾತ್ರ. ಕಂಪನ ಪೊರೆಯ ಯಾವ ಸ್ಥಳದಲ್ಲಾಯಿತು ಎಂಬುದರ ಜೊತೆಗೆ, ಅದು ಎಷ್ಟು ಬೇಗಬೇಗ ಮರುಕಳಿಸುತ್ತಿದೆ ಎಂಬುದನ್ನೂ ನರಗಳು ತಮ್ಮ ಮಿಡಿತದ ಲಯದಿಂದ ತಿಳಿಸುತ್ತವೆ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ತೋರಬಹುದು. ಆದರೆ ನಿಜವಾದ ಸೋಜಿಗ ಇಲ್ಲಿಂದ ಮುಂದಿದೆ. ಯಾವ ತಂತಿಯೂ ಯಾವ ಕಂಠವೂ ಒಂದೇ ಒಂದು ಆವೃತ್ತಿಯನ್ನು ಹೊರಡಿಸುವುದಿಲ್ಲ. 120 ಹರ್ಟ್ಸ್‌ನ ಮೂಲಸ್ವರದೊಡನೆ 240, 360, 480 ಎಂದು ಮುಂದುವರಿಯುವ ಉಪಸ್ವರಗಳೂ ಹೊರಡುತ್ತವೆ. ನಮ್ಮ ತಂಬೂರಿಯಂತೂ ಉಪಸ್ವರಗಳ ಬುಗ್ಗೆಯೇ ಸರಿ. ಅದರ ಬಾಗಿದ ಕುದುರೆಯೂ, ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲೂ ಈ ಸಂಪತ್ತಿಗೆ ಕಾರಣವೆಂಬುದನ್ನು ಸಿ. ವಿ. ರಾಮನ್ ಅವರು 1921ರಲ್ಲಿ ತಮ್ಮ ಲೇಖನವೊಂದರಲ್ಲಿ ವಿವರಿಸಿದರು. ಮುಂದೆ ಬೆಂಗಳೂರನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡ ಆ ಮಹಾವಿಜ್ಞಾನಿ ಆಗ ಕಲ್ಕತ್ತೆಯಲ್ಲಿದ್ದರು. ಒಂದು ತಂತಿಯನ್ನು ಮೀಟಿದರೆ ಕಿವಿಗೆ ಹೋಗುವುದು ಹತ್ತಾರು ಆವೃತ್ತಿಗಳ ಜಾತ್ರೆ. ನಮಗೆ ಕೇಳುವುದು ಒಂದೇ ಷಡ್ಜ. ಆ ಜಾತ್ರೆಯನ್ನು ಒಂದು ಸ್ವರವನ್ನಾಗಿ ಕೂಡಿಸುವವರು ಯಾರು?

ಈ ಪ್ರಶ್ನೆಯ ಮೇಲೆ 1840ರ ದಶಕದಲ್ಲಿ ಜರ್ಮನಿಯಲ್ಲಿ ದೊಡ್ಡ ವಾದವೇ ನಡೆಯಿತು. ವಾದಿಗಳಲ್ಲಿ ಒಬ್ಬನು ವಿದ್ಯುತ್ತಿನ ಪಾಠದಲ್ಲಿ ನಿಮಗೆ ಪರಿಚಿತನಾದ ಓಮ್, ಇನ್ನೊಬ್ಬನು ಸೀಬೆಕ್. ಮೂಲಸ್ವರದ ಕಂಪನ ಬಹಳ ಕ್ಷೀಣವಾಗಿದ್ದರೂ ಅದರ ಎತ್ತರ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ ಎಂದು ಸೀಬೆಕ್ ತನ್ನ ಪ್ರಯೋಗಗಳಿಂದ ತೋರಿಸಿದನು. ಅದು ಕೇವಲ ಭ್ರಮೆ ಎಂದು ಓಮ್ ತಳ್ಳಿಹಾಕಿದನು. ಈ ‘ಭ್ರಮೆ’ಯನ್ನು ನಮ್ಮ ಹಿರಿಯರೆಲ್ಲ ದಿನವೂ ಅನುಭವಿಸಿದ್ದಾರೆ. ಹಳೆಯ ತಂತಿ ದೂರವಾಣಿ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಕಂಪನಗಳನ್ನು ಸಾಗಿಸುತ್ತಿರಲಿಲ್ಲ. ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಹಾಗಾದರೆ ದೂರವಾಣಿಯಲ್ಲಿ ತಂದೆಯ ದನಿ ಮಗುವಿನ ದನಿಯಂತೆ ಕೇಳಬೇಕಾಗಿತ್ತಲ್ಲವೇ? ಹಾಗೆ ಎಂದೂ ಕೇಳಲಿಲ್ಲ. ತಂತಿಯಲ್ಲಿ ಬಾರದೆಹೋದ ಮೂಲಸ್ವರವನ್ನು, ಬಂದ ಉಪಸ್ವರಗಳ ಆಧಾರದಿಂದ, ಕೇಳುವವರೇ ತುಂಬಿಕೊಳ್ಳುತ್ತಿದ್ದರು.

ಈ ತುಂಬಿಕೊಳ್ಳುವಿಕೆ ಕಿವಿಯಲ್ಲಿ ನಡೆಯುವುದೋ ಮಿದುಳಿನಲ್ಲಿಯೋ? 1972ರಲ್ಲಿ ಹೌಟ್ಸ್ಮಾ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರು ಸಂಶೋಧಕರು ಇದಕ್ಕೊಂದು ಜಾಣತನದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಉಪಸ್ವರವನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಬೇರೆಬೇರೆಯಾಗಿ ಕೇಳಿಸಿದರು. ಎಡಗಿವಿಗೆ 800, ಬಲಗಿವಿಗೆ 1,000 ಹರ್ಟ್ಸ್ ಎಂದು ಭಾವಿಸಿಕೊಳ್ಳಿ. ಇವೆರಡೂ ಯಾವ ಮೂಲಸ್ವರದ ಉಪಸ್ವರಗಳೋ ಆ 200 ಹರ್ಟ್ಸ್‌ನ ಎತ್ತರ ಕೇಳುಗರಿಗೆ ದೊರೆಯಿತು. ಆ ಮೂಲಸ್ವರವನ್ನು ಊಹಿಸಲು ಬೇಕಾದ ಸಾಮಗ್ರಿ ಎರಡು ಕಿವಿಗಳಲ್ಲಿ ಯಾವುದೊಂದರಲ್ಲಿಯೂ ಪೂರ್ತಿಯಾಗಿ ಇರಲಿಲ್ಲ. ಎರಡೂ ಕಿವಿಗಳ ವಾರ್ತೆ ಒಂದುಗೂಡುವ ಎಡೆ ಮಿದುಳು. ಸ್ವರ ಸಿದ್ಧವಾದದ್ದು ಅಲ್ಲಿ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಬೆಂಡರ್ ಮತ್ತು ವಾಂಗ್ ಎಂಬವರು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಮಿದುಳಿನ ಹೊರಪದರದಲ್ಲಿ ಇಂಥ ನರಕೋಶಗಳನ್ನು ಗುರುತಿಸಿದರು. ಮೂಲಸ್ವರವೇ ಕೇಳಿದರೂ, ಅದರ ಉಪಸ್ವರಗಳು ಮಾತ್ರ ಕೇಳಿದರೂ ಆ ಕೋಶಗಳು ಒಂದೇ ತೆರನಾಗಿ ಮಿಡಿಯುತ್ತಿದ್ದವು.

ಸ್ವರದ ಮನೆ ಮಿದುಳಿನಲ್ಲಿದೆ ಎಂಬುದಕ್ಕೆ ಸಂಗೀತದ ಇತಿಹಾಸದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ಜರ್ಮನಿಯ ಮಹಾ ವಾಗ್ಗೇಯಕಾರ ಬೀಥೋವನ್ ತನ್ನ ಒಂಬತ್ತನೆಯ ಸಿಂಫನಿಯನ್ನು 1824ರಲ್ಲಿ ವಿಯೆನ್ನಾ ನಗರದಲ್ಲಿ ಮೊದಲ ಬಾರಿಗೆ ಜನರ ಮುಂದಿಟ್ಟನು. ಆ ವೇಳೆಗೆ ಅವನು ಬಹುಮಟ್ಟಿಗೆ ಪೂರ್ಣವಾಗಿ ಕಿವುಡನಾಗಿದ್ದನು. ಹತ್ತಾರು ವಾದ್ಯಗಳ, ನೂರಾರು ಸ್ವರಗಳ ಆ ಮಹಾಕೃತಿಯನ್ನು ಅವನು ಕಿವಿಯಿಂದ ಕೇಳದೆ ಮಿದುಳಿನಲ್ಲಿಯೇ ಕೇಳಿ ಬರೆದನು. ಕಿವಿಯ ಬಾಗಿಲು ಮುಚ್ಚಿದ ಮೇಲೂ ಒಳಗಿನ ಸಭೆ ನಡೆಯುತ್ತಲೇ ಇತ್ತು.

ಇನ್ನು ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಬೀಥೋವನ್ ಮಹಾಪುರುಷ, ಸಾಮಾನ್ಯರ ಗತಿಯೇನು ಎಂದು ಕೇಳಬಹುದು. ಸಾಮಾನ್ಯರ ಮಿದುಳು ಮಾಡುವ ಕೆಲಸವೂ ಸಾಮಾನ್ಯವಾದುದಲ್ಲ. ಅಜ್ಜಿ ತಗ್ಗಿದ ದನಿಯಲ್ಲಿ ಹೇಳಿದ ಜೋಗುಳವನ್ನು ಮೊಮ್ಮಗಳು ಎಳೆಯ ದನಿಯಲ್ಲಿ ಎತ್ತರಿಸಿ ಹಾಡುತ್ತಾಳೆ. ಎರಡು ಹಾಡುಗಳಲ್ಲಿಯೂ ಒಂದು ಸ್ವರದ ಆವೃತ್ತಿಯಾದರೂ ಒಂದೇ ಆಗಿರಲಾರದು. ಆದರೂ ಅದು ಅದೇ ಹಾಡೆಂದು ಮನೆಯವರೆಲ್ಲ ಗುರುತಿಸುತ್ತಾರೆ. ಏಕೆಂದರೆ ಮಿದುಳು ಒಂದೊಂದು ಸ್ವರವನ್ನು ಬಿಡಿಬಿಡಿಯಾಗಿ ಜ್ಞಾಪಕದಲ್ಲಿಡುವ ಬದಲು ಸ್ವರಸ್ವರಗಳ ನಡುವಣ ನಂಟನ್ನು ಹಿಡಿದಿಡುತ್ತದೆ. ಐದಾರು ತಿಂಗಳ ಹಸುಗೂಸುಗಳು ಕೂಡ ಎತ್ತರ ಬದಲಾದ ರಾಗವನ್ನು ಹಳೆಯ ರಾಗವೆಂದೇ ಗುರುತಿಸುವುದನ್ನು ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ನಮ್ಮ ಸಂಗೀತ ಈ ನಂಟಿನ ಮೇಲೆಯೇ ನಿಂತಿದೆ. ಗಾಯಕರು ತಮ್ಮತಮ್ಮ ಕಂಠಕ್ಕೆ ಹೊಂದುವಂತೆ ಷಡ್ಜವನ್ನು ಇಟ್ಟುಕೊಳ್ಳುತ್ತಾರೆ. ಉಳಿದ ಸ್ವರಗಳೆಲ್ಲ ಅದರ ಬಂಧುಗಳಾಗಿ ತಮ್ಮ ಸ್ಥಾನವನ್ನು ಪಡೆಯುತ್ತವೆ.

ಸಂಗೀತವನ್ನೇ ಬಿಟ್ಟು ಮಾತನ್ನು ನೋಡಿದರೂ ಇದೇ ಸಾಮರ್ಥ್ಯ ಕಾಣುತ್ತದೆ. ಕನ್ನಡದಲ್ಲಿ ‘ಹೂಂ’ ಎಂಬ ಒಂದಕ್ಷರದ ಮಾತಿದೆ. ಅದನ್ನು ಸಮವಾಗಿ ಹೇಳಿದರೆ ಒಪ್ಪಿಗೆ. ಕೊನೆಯಲ್ಲಿ ಏರಿಸಿದರೆ ಪ್ರಶ್ನೆ. ಎಳೆದು ಇಳಿಸಿದರೆ ಬೇಸರ. ಪೇಟೆಗೆ ಹೋಗಲು ಅಪ್ಪಣೆ ಬೇಡುವ ಮಗ, ತಾಯಿಯ ‘ಹೂಂ’ ಯಾವ ಬಗೆಯದೆಂಬುದನ್ನು ಅರೆನಿಮಿಷವೂ ಯೋಚಿಸದೆ ತಿಳಿದುಕೊಳ್ಳುತ್ತಾನೆ. ಚೀನೀ ಭಾಷೆಯಲ್ಲಂತೂ ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬೇರೆಯಾಗುತ್ತದೆ. ಆ ಭಾಷೆಯನ್ನಾಡುವ ಕೋಟಿಗಟ್ಟಲೆ ಜನರು ದಿನವೆಲ್ಲ ಎತ್ತರವನ್ನು ಅಳೆಯುತ್ತಲೇ ಮಾತನಾಡುತ್ತಾರೆ. ತಾಯಿಯ ‘ಹೂಂ’ಗಳನ್ನು ಬೇರ್ಪಡಿಸಬಲ್ಲ ಹುಡುಗನಿಗೆ ಸ್ವರಜ್ಞಾನವಿಲ್ಲವೆಂದು ಹೇಗೆ ಹೇಳುವುದು?

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಸ್ವರಗಳ ಭೇದವನ್ನು ನಿಜವಾಗಿಯೂ ಅರಿಯಲಾರದವರು ಇಲ್ಲವೇ? ಇದ್ದಾರೆ. ಹುಟ್ಟಿನಿಂದಲೇ ಸ್ವರದ ಸೂಕ್ಷ್ಮ ವ್ಯತ್ಯಾಸ ತಿಳಿಯದ ಈ ಸ್ಥಿತಿಗೆ ‘ಅಮ್ಯೂಸಿಯಾ’ ಎಂದು ಹೆಸರು. ಕೆನಡಾ ದೇಶದ ಮಾಂಟ್ರಿಯಲ್ ನಗರದ ಇಸಬೆಲ್ ಪೆರೆಟ್ಸ್ ಎಂಬ ವಿದುಷಿ ಇದನ್ನು ವಿಶೇಷವಾಗಿ ಅಭ್ಯಾಸ ಮಾಡಿದ್ದಾರೆ. ಇಂಥವರು ನೂರಕ್ಕೆ ನಾಲ್ವರಿರಬಹುದೆಂದು ಹಿಂದೆ ಎಣಿಸಲಾಗಿತ್ತು. ಪೆರೆಟ್ಸ್ ಅವರು ತಮ್ಮ ಸಹೋದ್ಯೋಗಿಯೊಡನೆ 2017ರಲ್ಲಿ ಪ್ರಕಟಿಸಿದ ವ್ಯಾಪಕವಾದ ಪರಿಶೀಲನೆಯಲ್ಲಿ ಈ ಪ್ರಮಾಣ ಶೇಕಡ ಒಂದೂವರೆಯಷ್ಟೇ ಎಂದು ಕಂಡುಬಂದಿತು. ಎಂದರೆ ಇನ್ನೂರು ಮಕ್ಕಳಿರುವ ಶಾಲೆಯಲ್ಲಿ ಸುಮಾರು ಮೂವರು. “ನನಗೆ ಹಾಡು ಬರುವುದಿಲ್ಲ” ಎಂದು ತಲೆ ತಗ್ಗಿಸುವವರು ಮೂವರೇ ಏನು? ಉಳಿದವರ ತೊಂದರೆ ಬೇರೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, ಸ್ವರ ತಪ್ಪಿ ಹಾಡುವವರಲ್ಲಿ ಅನೇಕರು ಸ್ವರಭೇದವನ್ನು ಇತರರಷ್ಟೇ ಚೆನ್ನಾಗಿ ಕೇಳಬಲ್ಲರೆಂದು ತೋರಿಸಿತು. ಅವರ ಮಿದುಳು ಸ್ವರವನ್ನು ಅರಿತಿದೆ. ಅರಿತುದನ್ನು ಕಂಠಕ್ಕೆ ಒಪ್ಪಿಸುವ ಅಭ್ಯಾಸ ಸಾಲದಾಗಿದೆ. ಅಕ್ಷರಗಳನ್ನು ಚೆನ್ನಾಗಿ ಓದಬಲ್ಲ ಮಗುವಿನ ಕೈಬರಹ ಸೊಟ್ಟಗಿದ್ದಂತೆ ಇದು. ಸೊಟ್ಟ ಕೈಬರಹಕ್ಕೆ ಮದ್ದು ಕಾಪಿ ಬರೆಯುವುದೇ ಹೊರತು ಬಳಪವನ್ನು ಕಿತ್ತುಕೊಳ್ಳುವುದಲ್ಲ.

ಒಂಬತ್ತನೆಯ ತರಗತಿಯ ಹುಡುಗರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಈ ವಯಸ್ಸಿನಲ್ಲಿ ನಿಮ್ಮ ಗಂಟಲಿನ ಧ್ವನಿಪೆಟ್ಟಿಗೆ ಬೇಗಬೇಗ ಬೆಳೆಯುತ್ತದೆ. ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇದನ್ನೇ ‘ದನಿ ಒಡೆಯುವುದು’ ಎನ್ನುತ್ತಾರೆ. ಹುಡುಗಿಯರಲ್ಲಿಯೂ ಬದಲಾವಣೆಯುಂಟು, ಆದರೆ ಅಷ್ಟು ದೊಡ್ಡದಲ್ಲ. ಹಳೆಯ ಕಂಠಕ್ಕೆ ಒಗ್ಗಿದ್ದ ಮಿದುಳು ಹೊಸ ಕಂಠವನ್ನು ಆಳಲು ಮತ್ತೆ ಕಲಿಯಬೇಕಾಗುತ್ತದೆ. ಈ ನಡುಗಾಲದಲ್ಲಿ ದನಿ ಜಾರುವುದು, ಸೀಳುವುದು ಸಹಜ. ಅದು ಸ್ವರಜ್ಞಾನ ಹೋಯಿತೆಂಬುದರ ಗುರುತಲ್ಲ. ಎಷ್ಟೋ ಮಂದಿ ಹುಡುಗರು ಇದೇ ಹೊತ್ತಿನಲ್ಲಿ ನಾಚಿಕೊಂಡು ಹಾಡಿಗೆ ವಿದಾಯ ಹೇಳಿಬಿಡುತ್ತಾರೆ. ಇದು ನಿಜಕ್ಕೂ ನಷ್ಟ.

ಬಿಟ್ಟರೆ ಬಾಡುವುದು, ಬೆಳೆಸಿದರೆ ಬೆಳೆಯುವುದು ಈ ಶಕ್ತಿಯ ಸ್ವಭಾವ. ಅಮೆರಿಕದಲ್ಲಿ ಶಿಶುವಿಹಾರದ ಮಕ್ಕಳು, ಆರನೆಯ ತರಗತಿಯವರು, ಕಾಲೇಜಿನವರು ಈ ಮೂರು ಗುಂಪುಗಳ ಹಾಡುಗಾರಿಕೆಯನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶಿಶುವಿಹಾರದವರಿಗಿಂತ ಆರನೆಯ ತರಗತಿಯವರು ಬಹಳ ಮುಂದಿದ್ದರು. ಕಾಲೇಜಿನವರಾದರೋ ಕೆಲವು ಪರೀಕ್ಷೆಗಳಲ್ಲಿ ಮತ್ತೆ ಶಿಶುವಿಹಾರದ ಮಟ್ಟಕ್ಕೇ ಇಳಿದಿದ್ದರು. ಶಾಲೆಯಲ್ಲಿ ಎಲ್ಲರೂ ಕೂಡಿ ಹಾಡುವ ಕಾಲ ಮುಗಿದು, ಅಭ್ಯಾಸ ತಪ್ಪಿದುದೇ ಇದಕ್ಕೆ ಕಾರಣವಿರಬೇಕೆಂದು ತೋರುತ್ತದೆ. ಮಿದುಳು ತನ್ನ ಸುತ್ತಣ ಸಂಗೀತದಿಂದ ಕಲಿಯುತ್ತದೆ ಎಂಬುದಕ್ಕೆ ಬೊಲಿವಿಯಾ ದೇಶದ ಕಾಡುಗಳಲ್ಲಿ ವಾಸಿಸುವ ಚಿಮಾನೆ ಜನರೂ ಸಾಕ್ಷಿ. ಮಧ್ಯಷಡ್ಜ, ತಾರಷಡ್ಜಗಳೆರಡೂ ಒಂದೇ ಸ್ವರದ ಎರಡು ರೂಪಗಳೆಂದು ನಮಗೆ ತೋರುತ್ತದೆಯಷ್ಟೆ. ತಮ್ಮ ಕಂಠಕ್ಕೆ ಎಟುಕದಷ್ಟು ಎತ್ತರದ ಸ್ವರವನ್ನು ಹಾಡಿ ತೋರಿಸೆಂದಾಗ ಆ ಜನರು ಅದೇ ಸ್ವರದ ಕೆಳಗಿನ ರೂಪವನ್ನು ಆರಿಸಿಕೊಳ್ಳಲಿಲ್ಲವೆಂದು 2019ರಲ್ಲಿ ಸಂಶೋಧಕರು ವರದಿ ಮಾಡಿದರು. ನಾವು ಪ್ರಕೃತಿಯೆಂದು ತಿಳಿದಿರುವುದರಲ್ಲಿ ಬಹುಪಾಲು ಸಂಸ್ಕಾರವೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ನಾಡಿನ ಹಿರಿಯರು ಈ ಸತ್ಯವನ್ನು ಅನುಭವದಿಂದಲೇ ಬಲ್ಲವರಾಗಿದ್ದರು. ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಅಳವಡಿಸಿದವರು ಪುರಂದರದಾಸರು ಎಂಬುದು ಸಂಪ್ರದಾಯದ ನಂಬಿಕೆ. ಪಾಠ ಷಡ್ಜದಿಂದ ಮೊದಲಾಗಿ ಒಂದೊಂದೇ ಮೆಟ್ಟಿಲನ್ನು ಹತ್ತಿ ಇಳಿಯುತ್ತದೆ. ವಿದ್ವಾಂಸರ ಮಗನಿಗೂ ಮೊದಲ ಸಲ ಕಲಿಯಲು ಕುಳಿತ ಕೂಲಿಕಾರನ ಮಗಳಿಗೂ ಅದೇ ಮೆಟ್ಟಿಲು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರಿಗೆ, ಬಡವರಿಗೆ, ಅನಾಥರಿಗೆ ಅನ್ನವಿಟ್ಟು ಸಂಗೀತವನ್ನು ಕಲಿಸಿದರು. ಗುರುಗಳಿಬ್ಬರೂ ಸ್ವತಃ ಅಂಧರು. ಎಳೆಯ ವಯಸ್ಸಿನಲ್ಲಿಯೇ ದೃಷ್ಟಿ ಕಳೆದುಕೊಂಡವರು ಸ್ವರ ಏರಿತೋ ಇಳಿಯಿತೋ ಎಂಬುದನ್ನು ಇತರರಿಗಿಂತ ಚೆನ್ನಾಗಿ ಹೇಳಬಲ್ಲರೆಂದು ಮಾಂಟ್ರಿಯಲ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದುದನ್ನು ಓದುವಾಗ ಗದಗಿನ ನೆನಪಾಗದಿರದು. ಬಳಸಿದ ಶಕ್ತಿಯನ್ನು ಮಿದುಳು ಹರಿತಗೊಳಿಸುತ್ತದೆ. ಹರಿತಗೊಳಿಸುವ ಅವಕಾಶವನ್ನು ಒದಗಿಸಿದ್ದು ಆ ಆಶ್ರಮ.

ಆದ್ದರಿಂದ ನಮ್ಮ ಶಾಲೆಗಳಲ್ಲಿ ಸಂಗೀತ, ಕಂಠ ಚೆನ್ನಾಗಿರುವ ನಾಲ್ಕು ಮಕ್ಕಳನ್ನು ಆರಿಸಿ ವಾರ್ಷಿಕೋತ್ಸವದ ವೇದಿಕೆಗೆ ಹತ್ತಿಸುವ ಏರ್ಪಾಡಾಗಿ ಉಳಿಯಬಾರದು. ಅದು ಎಲ್ಲ ಮಕ್ಕಳ ಪಾಠವಾಗಬೇಕು. ಪರೀಕ್ಷೆಯ ಭಾರದ ನಡುವೆ ಇದಕ್ಕೆ ಸಮಯವೆಲ್ಲಿ ಎನ್ನುವವರಿದ್ದಾರೆ. ದಿನಕ್ಕೆ ಹತ್ತು ನಿಮಿಷ ಒಂದು ಶ್ರುತಿಗೆ ಕಿವಿಗೊಟ್ಟು ಕೂಡಿ ಹಾಡಲು ದೊಡ್ಡ ವೆಚ್ಚವೂ ಬೇಡ, ದೊಡ್ಡ ವಿದ್ವಾಂಸರೂ ಬೇಡ. ಎಲ್ಲರೂ ರಾಮಾನುಜನ್ ಆಗಲಾರರೆಂದು ನಾವು ಮಗ್ಗಿಯನ್ನು ಕಲಿಸದೆ ಬಿಟ್ಟಿಲ್ಲ. ಎಲ್ಲರೂ ಗವಾಯಿಗಳಾಗಲಾರರೆಂದು ಸ್ವರವನ್ನು ಕಲಿಸದೆ ಬಿಡುವುದು ಯಾವ ನ್ಯಾಯ?

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಒಂದಿದೆ. ನಾಳೆಯ ಪ್ರಾರ್ಥನೆಯಲ್ಲಿ ನಿಮ್ಮ ಪಕ್ಕದವನ ದನಿ ತಪ್ಪಿದರೆ ನಗಬೇಡಿ. ಅವನಿಗೆ ಕೇಳುವಂತೆ ನೀವು ಸರಿಯಾಗಿ ಹಾಡಿ. ನಿಮ್ಮ ದನಿಯೇ ತಪ್ಪಿದರೆ ಬಾಯಿ ಮುಚ್ಚಬೇಡಿ. ಸ್ವಲ್ಪ ದನಿ ತಗ್ಗಿಸಿ, ಪಕ್ಕದವರನ್ನು ಕೇಳುತ್ತ, ಮತ್ತೆ ಹಿಡಿಯಿರಿ. ಕೇಳುವುದು ಮೊದಲು, ಹಾಡುವುದು ಆಮೇಲೆ. ಹೀಗೆ ಕೇಳುತ್ತ ಹಾಡುತ್ತ ಹೋದವರ ಮಿದುಳು ತಾನಾಗಿ ಶ್ರುತಿಗೂಡುತ್ತದೆ.